ಎಕ್ಸ್‌ಚೇಂಜ್ ಅಕ್ಕನ ಕಿವಿ

ಅವರ ನೆತ್ತಿಯ ಮೇಲೆ ಬೈತಲೆಗೆ ಅಡ್ಡವಾಗಿ ಒಂದು ತಗ್ಗಿತ್ತು. ಎಣ್ಣೆ ಹಚ್ಚಿ ಎಷ್ಟೇ ಬಿಗಿಯಾಗಿ ಬಾಚಿದರೂ ಆ ಜಾಗದಲ್ಲಿ ಕೂದಲು ತೆಳ್ಳಗೆ ಬೇರೆಯಾಗಿ ಒಳಗಿನ ಚರ್ಮ ಕಾಣುತ್ತಿತ್ತು. ನೊಗ ಹೊತ್ತ ಎತ್ತಿನ ಹೆಗಲ ಮೇಲೆ ರೋಮ ಸವೆದಿರುತ್ತದಲ್ಲ, ಹಾಗೆ. ಪ್ರಾಯದ ವರ್ಷಗಳನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು ಕಳೆದವರು ಅವರು. ತಲೆಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನಿನ ಪಟ್ಟಿ ಉಳಿಸಿಹೋದ ಗುರುತು ಅದು. ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ಸೆರಗು ಮೇಲೆಳೆದುಕೊಳ್ಳುತ್ತಿದ್ದರು. ಒಮ್ಮೆ ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು, "ಕುರಿಗಿ ಗುರ್ತು ಹಾಕ್ತಾರಲ್ರಿ, ಸರ್ಕಾರದೋರು ನನಗೂ ಹಾಕ್ಯಾರ ನೋಡ್ರಿ" ಎಂದು ನಕ್ಕಿದ್ದರು.

ತೆಲುಗು ಸೀಮೆಯ ಜಹೀರಾಬಾದಿನಲ್ಲಿ ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಎಕ್ಸ್‌ಚೇಂಜ್ ಅಕ್ಕ. ಕೈಯಿಂದ ತಂತಿ ಚುಚ್ಚಿ ಲೈನು ಜೋಡಿಸುವ ಎಕ್ಸ್‌ಚೇಂಜು ಹೋಗಿ ಯಾವುದೋ ಕಾಲವಾಗಿತ್ತು. ಆಮೇಲೆ ಅವರು ಫೋನ್ ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಯಲ್ಲಿ ಕೂತು, ಅಲ್ಲಿಂದಲೇ ನಿವೃತ್ತರಾಗಿದ್ದರು. ಹೆಸರು ಮಾತ್ರ ಹಳೆಯದೇ ಉಳಿದಿತ್ತು. ಇತ್ತೀಚಿನವರಿಗೆ ಎಕ್ಸ್‌ಚೇಂಜ್ ಎಂದರೆ ಹಳೆಯದು ಕೊಟ್ಟು ಹೊಸದು ತರುವುದು. "ಹಳೇ ಮೊಬೈಲ್ ತಗೋತೀರೇನ್ರಿ ಅಕ್ಕಾ?" ಎಂದು ಬಾಗಿಲಿಗೆ ಬಂದು ಕೇಳಿದವನನ್ನು ನಾನೇ ನೋಡಿದ್ದೇನೆ.

ನಾನು ಅವರ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಹೋದದ್ದು ನಾರಾಯಣಖೇಡದ ಕಡೆಯ ಶಾಲೆಯಿಂದ ಜಹೀರಾಬಾದಿಗೆ ವರ್ಗವಾದಾಗ. ಗಂಡನ ಮನೆ ಬಿಟ್ಟು ಬಂದ ಹೊಸತು ಅದು. ಒಂಟಿ ಹೆಂಗಸು ಎಂದು ಗೊತ್ತಾದ ಕೂಡಲೇ ಉಳಿದ ಮನೆಯವರೆಲ್ಲ ಕೇಳಿದ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಇವರು ಅವು ಯಾವುದನ್ನೂ ಕೇಳಲಿಲ್ಲ.

"ಕನ್ನಡ ಬರ್ತದೇನ್ರಿ?"

"ಮನಿಯಾಗ ಅದೇ ಮಾತ್ರಿ."

"ಹಂಗಾದ್ರ ಜೋರಾಗಿ ಮಾತಾಡ್ರಿ. ನನಗ ಕೇಳೋದು ಕಮ್ಮಿ."

ಅಷ್ಟೇ. ಕೀಲಿಕೈ ಕೊಟ್ಟುಬಿಟ್ಟರು.

ಹೆಡ್‌ಫೋನು ಹಾಕಿಕೊಳ್ಳುತ್ತಿದ್ದ ಎಡಗಿವಿ ನಿವೃತ್ತಿಗೆ ಮೊದಲೇ ಹೋಗಿತ್ತು. ವಯಸ್ಸಾದ ಹಾಗೆ ಬಲಗಿವಿಯೂ ಮಂದವಾಗುತ್ತ ಬಂದಿತ್ತು. ಮಾತಾಡುವವರ ಎದುರು ಅವರು ನೇರ ನಿಲ್ಲುತ್ತಿರಲಿಲ್ಲ. ಬಲ ಭುಜ ಮುಂದೆ ಮಾಡಿ, ಓರೆಯಾಗಿ, ಏನೋ ಗುಟ್ಟು ಕೇಳಲು ಬಂದವರಂತೆ ನಿಲ್ಲುತ್ತಿದ್ದರು. ಅರ್ಥವಾಗದಿದ್ದಾಗ ಸುಮ್ಮನೆ ತಲೆಯಾಡಿಸುವ ಅಭ್ಯಾಸ ಅವರಿಗಿರಲಿಲ್ಲ. "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಜನಕ್ಕೆ ಬೇಸರವಾಗುತ್ತಿತ್ತು. ಬರಬರುತ್ತ ಓಣಿಯವರು ಅವರನ್ನು ಕಂಡರೆ ಕೈಯೆತ್ತಿ ನಮಸ್ಕಾರ ಮಾಡಿ ದಾಟಿಹೋಗುವುದನ್ನು ಕಲಿತರು. ನಮಸ್ಕಾರಕ್ಕೆ ಮಾತು ಬೇಕಿಲ್ಲವಲ್ಲ.

ಬೆಳಿಗ್ಗೆ ಬೀದರಿನ ಬಸ್ಸಿಗೆ ಕನ್ನಡ ಪೇಪರ್ ಬರುತ್ತಿತ್ತು. ಮನೆಗೆ ಹಾಕಿಸಿಕೊಳ್ಳಬಹುದಿತ್ತು, ಆದರೆ ಬಸ್ ಸ್ಟ್ಯಾಂಡಿಗೆ ತಾವೇ ನಡೆದುಹೋಗಿ ತರುತ್ತಿದ್ದರು. ತಂದು, ಅಂಗಳದ ಪರ್ಶಿಕಲ್ಲಿನ ಮೇಲೆ ಕೂತು, ಮೊದಲು ಓದುತ್ತಿದ್ದದ್ದು ಫೋನು, ಕಂಪ್ಯೂಟರಿನ ಸುದ್ದಿ. ಯಾವ ಕಂಪನಿ ಏನು ಹೊಸದು ತಂದಿತು, ಯಾವ ಆ್ಯಪು ಮುಚ್ಚಿತು, ಯಾರ ಮಾಹಿತಿ ಕಳವಾಯಿತು. ಮಂತ್ರಿಗಳ ಸುದ್ದಿಯನ್ನು ಬೇಳೆ ಆರಿಸುವಾಗ ಕೆಳಗೆ ಹಾಸುತ್ತಿದ್ದರು. ಓದಿದ್ದರ ಮೇಲಿನ ತಮ್ಮ ಅಭಿಪ್ರಾಯವನ್ನು, ನಾನು ಶಾಲೆಗೆಂದು ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ, ಇಡೀ ಓಣಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ಅವರಿಗೆ ಸೇರುತ್ತಿರಲಿಲ್ಲ. ಬರುವುದಿಲ್ಲವೆಂದಲ್ಲ; ನನಗಿಂತ ಚೆನ್ನಾಗಿ ಬರುತ್ತಿತ್ತು. "ಮೊದ್ಲು ಕಾಯಿಪಲ್ಲೆದಾಕಿ ಚಿಲ್ರಿ ಇಲ್ಲ ಅಂತ ಜಗಳಾರ ತೆಗೀತಿದ್ಲು. ಆ ಜಗಳದಾಗ ನಾಕು ಮಾತು ಬರ್ತಿದ್ವು. ಈಗ ನಾ ಫೋನ್ ತೋರಿಸ್ತೀನಿ, ಆ ಡಬ್ಬಿ ಒದರ್ತದ, ಆಕಿ ನನ್ನ ಮಾರಿನೂ ನೋಡಂಗಿಲ್ಲ. ನನಗ ಡಬ್ಬಿದೂ ಕೇಳಸಂಗಿಲ್ಲ." ಆದ್ದರಿಂದ ನೋಟೇ ಕೊಡುತ್ತಿದ್ದರು. ಹೇಳುವುದೆಲ್ಲ ಸರಿಯೇ ಇರುತ್ತಿತ್ತು ಎಂದಲ್ಲ. ಅಂಗಡಿಗಳಲ್ಲಿ ಅಂಟಿಸಿದ ಆ ಕಪ್ಪು ಚೌಕದ ಚೀಟಿಗಳು ನಮ್ಮ ಫೋಟೋ ತೆಗೆಯುತ್ತವೆಂದು ಬಹಳ ದಿನ ನಂಬಿದ್ದರು. ಹಾಗಲ್ಲ ಎಂದು ತಿಳಿದ ಮೇಲೂ ಅವುಗಳ ಮುಂದೆ ಸೆರಗು ಸರಿಮಾಡಿಕೊಳ್ಳುವುದನ್ನು ಬಿಡಲಿಲ್ಲ.

ಎಕ್ಸ್‌ಚೇಂಜಿನ ದಿನಗಳ ಮಾತು ಬಂದರೆ ಅವರ ಮುಖ ಬೇರೆಯಾಗುತ್ತಿತ್ತು. ಊರಿನವರ ದನಿಯೆಲ್ಲ ತಮ್ಮ ಕಿವಿಯಿಂದ ಹಾದುಹೋದ ಕಾಲ ಅದು. ಯಾರ ಮನೆಯ ಸುದ್ದಿಯನ್ನೂ ಅವರು ನನಗೆ ಹೇಳಲಿಲ್ಲ. ಅಷ್ಟು ವರ್ಷಗಳ ಮೇಲೂ ಅದು ಅವರ ಪಾಲಿಗೆ ಇನ್ನೊಬ್ಬರ ಸೊತ್ತು. ಹೇಳಿದ್ದು ಒಂದೇ ಒಂದು, ಅದೂ ಹೆಸರಿಲ್ಲದೆ. ಅವರ ಊರಿನ ಕಡೆಯ ಕುರುಬನೊಬ್ಬ ಮುಂಬಯಿಯಲ್ಲಿದ್ದ ತಮ್ಮನಿಗೆ ತಾಯಿ ತೀರಿದ ಸುದ್ದಿ ತಿಳಿಸಲು ಟ್ರಂಕ್ ಕಾಲ್ ಹಾಕಿಸಿದ್ದನಂತೆ. ಕಾದು ಕಾದು ಲೈನು ಸಿಕ್ಕಿತು. ಆ ಕಡೆ ತಮ್ಮ "ಹಲೋ, ಹಲೋ" ಎನ್ನುತ್ತಿದ್ದಾನೆ, ಈ ಕಡೆ ಇವನಿಗೆ ಬಾಯಿ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಫೋನು ಹಿಡಿದವನು. ಸಮಯ ಓಡುತ್ತಿತ್ತು. ಕೊನೆಗೆ ಬೋರ್ಡಿನಿಂದ ಇವರೇ ಮಾತಾಡಿದರು: "ನಿಮ್ಮ ಅವ್ವ ಹೋಗ್ಯಾಳಪ್ಪ. ನಿಮ್ಮಣ್ಣ ಇಲ್ಲೇ ನಿಂತಾನ. ಅಳಾಕತ್ತಾನ, ಅದಕ್ಕ ಅವನಿಗಿ ಮಾತು ಬರವಲ್ದು." ಆಮೇಲೆ ಎರಡೂ ಕಡೆ ಅಳು. ಹೊತ್ತು ಮೀರಿದರೂ ಅವರು ತಂತಿ ಕೀಳಲಿಲ್ಲ. ಅದಕ್ಕೆ ಮೇಲಿನವರಿಂದ ನೋಟೀಸು ಬಂತಂತೆ.

"ಏನಂತ ಉತ್ತರ ಕೊಟ್ರಿ?" ಎಂದು ಕೂಗಿ ಕೇಳಿದೆ.

"ಲೈನ್ ನಡ್ದಿತ್ತು ಅಂದೆ. ಸುಳ್ಳಲ್ಲಲ್ರಿ."

ಅವರೂ ಕುರಿ ಸಾಕುವ ಮನೆಯವರೇ. ನಾರಾಯಣಖೇಡದ ಆಚೆಯ ಹಳ್ಳಿ. ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳನ್ನು ಜಹೀರಾಬಾದಿನ ಸೋದರಮಾವನ ಮನೆಯಲ್ಲಿಟ್ಟು ಓದಿಸಿದರು. ಚಿಕ್ಕವಳು ಕುರಿಗಳ ಹಿಂದೆ ಹೋದಳು. ಅಕ್ಕ ಮದುವೆಯಾಗಲಿಲ್ಲ, ಯಾಕೆಂದು ನಾನು ಕೇಳಲಿಲ್ಲ, ಅವರು ನನ್ನನ್ನು ಕೇಳದಿದ್ದ ಹಾಗೆಯೇ. ತಂಗಿಯನ್ನು ತಾಂಡೂರಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ ಆಕೆ ಮಗನ ಜೊತೆ ಅಲ್ಲೇ ಇದ್ದಳು. ಲಕ್ವಾ ಹೊಡೆದು ಮಂಚ ಹಿಡಿದಿದ್ದಳು. ಓದುಬರಹ ಇಲ್ಲ. ದಿನಾ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮಗ ನಂಬರು ಒತ್ತಿ ಫೋನನ್ನು ಅವಳ ದಿಂಬಿನ ಪಕ್ಕ ಇಟ್ಟುಹೋಗುತ್ತಿದ್ದ. ಎಕ್ಸ್‌ಚೇಂಜ್ ಅಕ್ಕ ಇಲ್ಲಿ ಫೋನನ್ನು ಬಲಗಿವಿಗೆ ಒತ್ತಿ ಹಿಡಿದು, ಕೇಳಿಸದ ಎಡಗಿವಿಯನ್ನೂ ಹಳೆಯ ಅಭ್ಯಾಸದಿಂದ ಕೈಯಲ್ಲಿ ಮುಚ್ಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಕೇಳುತ್ತಿದ್ದರು. ಅರ್ಧ ಕೇಳಿಸುತ್ತಿತ್ತು, ಅರ್ಧ ಊಹೆ.

ಆ ಅರ್ಧವೂ ಕಡಿಮೆಯಾಗುತ್ತ ಬಂದಾಗ ಅವರು ಹೈದರಾಬಾದಿಗೆ ಹೋಗಿ ಕಿವಿಯ ಮಿಷಿನು ಕೊಂಡರು. ಎರಡೂ ಕಿವಿಗೆ, ಗೋಡಂಬಿಯಷ್ಟು ಚಿಕ್ಕದು, ಫೋನಿನಲ್ಲಿ ಆ್ಯಪು ಹಾಕಿಕೊಂಡು ಅದರಿಂದಲೇ ನಡೆಸುವಂಥದು. ಗದ್ದಲ ಕಡಿಮೆ ಮಾಡುವುದು, ಎದುರಿನವರ ಮಾತನ್ನಷ್ಟೇ ದೊಡ್ಡದು ಮಾಡುವುದು, ಫೋನಿನ ಕರೆಯನ್ನು ನೇರ ಕಿವಿಯೊಳಗೆ ಬಿಡುವುದು, ಎಲ್ಲ ಆ ಆ್ಯಪಿನಲ್ಲೇ. ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು ಎಂದು ಓಣಿಯವರು ಮಾತಾಡಿಕೊಂಡರು.

ಅವರು ಅದನ್ನು ಹಾಕಿಕೊಂಡ ಮೊದಲ ಬೆಳಿಗ್ಗೆ ನಾನು ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದರು.

"ಟೀಚರ್, ನೀ ಮೆಟ್ಟಿಲ ಇಳಿವಾಗ ಹಾಡ್ತಿ."

"ಇಲ್ರಿ ಅಕ್ಕಾ, ನಾ ಎಲ್ಲಿ ಹಾಡ್ತೀನಿ?"

"ಹಾಡ್ತಿ. ಬಾಯಿ ಮುಚ್ಚಿಕೊಂಡು. ಒಂದೇ ಸಾಲು."

ನನಗೆ ಅದು ಗೊತ್ತೇ ಇರಲಿಲ್ಲ. ಗಂಡನ ಮನೆಯಲ್ಲಿ ಅಷ್ಟು ವರ್ಷ ಇದ್ದೆ, ಯಾರೂ ಹೇಳಿರಲಿಲ್ಲ. ಇನ್ನೊಬ್ಬರು ನಮ್ಮನ್ನು ಕೇಳಿಸಿಕೊಂಡಿದ್ದಾರೆ ಎಂದು ತಿಳಿಯುವುದು ಎಂಥ ಸುಖ ಎಂದು ಆಗ ಅನ್ನಿಸಿತು. ಅವರು ನನ್ನನ್ನು 'ನೀ' ಎಂದು ಕರೆದದ್ದೂ ಅವತ್ತೇ ಮೊದಲು. ಶಾಲೆ ತಲುಪುವವರೆಗೂ ಅದೇ ನನ್ನ ತಲೆಯಲ್ಲಿತ್ತು.

ಆ ದಿನಗಳಲ್ಲಿ ಅವರು ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಮಸೀದಿಯಲ್ಲಿ ಬಾಂಗ್ ಕೂಗುವ ಮೊದಲು ಮೈಕಿನ ಮುಂದೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂದು ಬಂದು ಹೇಳಿದರು. ಬ್ಯಾಂಕಿಗೆ ಫೋನು ಮಾಡಿದರೆ ಮಾತಾಡುವ ಹೆಂಗಸಿನ ದನಿ ಮನುಷ್ಯರದಲ್ಲ ಎಂದರು. "ಆಕಿ ಉಸುರೇ ತಗೊಳ್ಳಂಗಿಲ್ಲ. ನಾ ಇಷ್ಟು ವರ್ಷ ದನಿ ಕೇಳೀನಿ, ಉಸುರಿಲ್ಲದ ದನಿ ಕೇಳಿದ್ದಿಲ್ಲ." ಮತ್ತೆ ಸಂಜೆ ತಾಂಡೂರಿನ ಕರೆ. ಈಗ ಫೋನು ಹಿಡಿಯುವ ಹಂಗಿಲ್ಲ. ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಅಂಗಳವೆಲ್ಲ ತಿರುಗಾಡುತ್ತ ಮಾತಾಡುತ್ತಿದ್ದರು. "ತಂಗಿ ನನ್ನ ತಲಿಯೊಳಗ ಬಂದು ಕುಂತಂಗ ಆಗ್ತದ" ಎಂದಿದ್ದರು. ಲಕ್ವಾದಿಂದ ಆಕೆಯ ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತೊದಲಾಗಿತ್ತು. ಆದರೆ ಅಕ್ಕನಿಗೆ ಒಂದಕ್ಷರ ತಪ್ಪುತ್ತಿರಲಿಲ್ಲ. ನಾನು ಮೇಲಿನ ಕೋಣೆಯ ಕಿಟಕಿಯಲ್ಲಿ ಕೂತು ಇವರ ನಗು ಕೇಳುತ್ತಿದ್ದೆ. ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ನನಗೆ ಸಂಜೆ ಫೋನು ಮಾಡುವವರು ಯಾರೂ ಇರಲಿಲ್ಲ.

ಎರಡು ಬೇಸಿಗೆ ಹೀಗೆ ಕಳೆಯಿತು. ಆಮೇಲೆ ಒಂದು ಮುಂಜಾನೆ ಫೋನಿನಲ್ಲಿ ಆ್ಯಪು ಹೊಸದಾಯಿತು. ತೆರೆಯುವ ಮುಂಚೆ ಉದ್ದನೆಯ ನಿಯಮಗಳು, ಕೆಳಗೆ 'ಒಪ್ಪಿದ್ದೇನೆ' ಎಂಬ ಒಂದೇ ಗುಂಡಿ. ಅವರು ಒತ್ತಿದರು. ಒಳಗೆ ಹೋಗಿ ನೋಡಿದರೆ ಗದ್ದಲ ತಡೆಯುವುದಕ್ಕೆ ಬೀಗ, ಫೋನಿನ ಕರೆಗೆ ಬೀಗ. ಇವು ಬೇಕಾದರೆ ವರ್ಷವರ್ಷವೂ ಚಂದಾ ಕಟ್ಟಬೇಕು.

ಬೀಗ ಬಿದ್ದ ಮೇಲೆ ಮಿಷಿನು ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುತ್ತಿತ್ತು. ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಮನುಷ್ಯರ ಮಾತು, ಎಲ್ಲ ಕಲಸಿದ ಮುದ್ದೆ. ತಲೆನೋವು ತಡೆಯಲಾರದೆ ತೆಗೆದಿಟ್ಟರು. ಕೊಂಡ ಅಂಗಡಿಗೆ ಹೋದೆವು. ಬೇರೆ ಡಾಕ್ಟರ ಬಳಿ ಹೋದೆವು. ಒಳಗಿನ ಸಾಫ್ಟ್‌ವೇರ್ ಕಂಪನಿಯವರ ಕೈಯಲ್ಲಿದೆ, ಹೊರಗಿನವರು ಮುಟ್ಟಲು ಬರುವುದಿಲ್ಲ ಎಂದರು ಇಬ್ಬರೂ. ದೂರು ಕೊಡಲು ಕಂಪನಿ ಕೊಟ್ಟಿದ್ದು ಒಂದು ಫೋನ್ ನಂಬರು.

"ಕಿವುಡರಿಗಿ ಫೋನ್ ಮಾಡ್ರಿ ಅಂತಾರಲ್ಲ ಟೀಚರ್, ಇವ್ರಿಗಿ ಏನನ್ಬೇಕು?" ಎಂದರು. ಅವರು ನಗಲಿಲ್ಲ. ನಾನು ಅವರ ಪರವಾಗಿ ಆ ನಂಬರಿಗೆ ಮಾಡಿದೆ. ಉಸಿರು ತೆಗೆದುಕೊಳ್ಳದ ಒಂದು ದನಿ ನನ್ನನ್ನು ಕಾಯಲು ಹೇಳಿತು. ಕೊನೆಗೆ ಸಿಕ್ಕ ಮನುಷ್ಯ ಚಂದಾ ಕಟ್ಟುವುದು ಹೇಗೆಂದು ವಿನಯದಿಂದ ವಿವರಿಸಿದ.

"ಕಟ್ಟಿಬಿಡ್ರಿ ಅಕ್ಕಾ" ಎಂದು ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ.

"ರೊಕ್ಕದ ಮಾತಲ್ಲಿದು. ನಾ ಕೊಂಡಾಗ ಅದು ನಂದಿತ್ತು. ಈಗ ಯಾರದು? ಕಿವಿ ನಂದು, ಕೀಲಿ ಅವರ ಹತ್ರ ಅಂದ್ರ ಹ್ಯಾಂಗ? ಈ ವರ್ಷ ಕೊಡ್ತೀನಿ. ಬರೋ ವರ್ಷ ದುಪ್ಪಟ್ಟು ಅಂತಾರ. ಆಗ ನಾ ಏನ್ ಮಾಡ್ಲಿ? ಊರಾಗ ಇನ್ನೂ ಎಷ್ಟು ಮಂದಿ ಕಿವುಡರಿದ್ದಾರೋ, ಅವ್ರೇನ್ ಮಾಡ್ತಾರ?"

ಸಂಗಾರೆಡ್ಡಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದರು. ವಕೀಲರನ್ನು ಇಟ್ಟುಕೊಳ್ಳುವುದು ಬೇಡವೆಂದರು. ಬೇಗ ಮುಗಿಯುತ್ತದೆ ಎಂದು ಅವರು ನಂಬಿದ್ದರು, ನಾನೂ ನಂಬಿದ್ದೆ. ತಾರೀಕಿನ ಮೇಲೆ ತಾರೀಕು ಬಿತ್ತು.

ತಾಂಡೂರಿನ ಕರೆ ಮಾತ್ರ ತಾರೀಕಿಗೆ ಕಾಯುವಂಥದಲ್ಲ. ಬಲಗಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪವೂ ಈಗ ಫೋನಿಗೆ ಸಾಲುತ್ತಿರಲಿಲ್ಲ. ವಿಡಿಯೋ ಕರೆ ಮಾಡಿ ನೋಡಿದರು. ತಂಗಿಯ ಓರೆಯಾದ ತುಟಿಯಲ್ಲಿ ಏನೂ ಓದಲಾಗಲಿಲ್ಲ, ಇಬ್ಬರೂ ಅತ್ತರು, ಅದನ್ನು ಬಿಟ್ಟರು. ಕೊನೆಗೆ ನಾನು ನಡುವೆ ಬಂದೆ. ಸಂಜೆ ಕರೆ ಬಂದಾಗ ಫೋನು ನನ್ನ ಕಿವಿಗೆ. ಆಕೆ ಹೇಳಿದ್ದನ್ನು ಕೇಳಿ ನಾನು ಇವರ ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಆಕೆಯ ತೊದಲು ಮಾತು ನನಗೆ ಮೊದಮೊದಲು ಅರ್ಥವೇ ಆಗುತ್ತಿರಲಿಲ್ಲ. "ಯಾನ್ರಿ? ಇನ್ನೊಮ್ಮಿ ಹೇಳ್ರಿ" ಎಂದು ಕೇಳಿ ಕೇಳಿ ಆಕೆಗೆ ದಣಿವಾಗುತ್ತಿತ್ತು. ಅಕ್ಕ ನನ್ನ ತುಟಿಯನ್ನೇ ನೋಡುತ್ತ ಕೂತಿರುತ್ತಿದ್ದರು. ಬಿಡುವಾದಾಗ ಬಸ್ಸು ಹತ್ತಿ ತಾಂಡೂರಿಗೇ ಹೋಗಿಬರುತ್ತಿದ್ದರು. ಆ ದಿನಗಳಲ್ಲಿ ಮೇಲಿನ ಕಿಟಕಿಯಿಂದ ಕೆಳಗಿನ ಅಂಗಳ ಖಾಲಿ ಕಾಣುತ್ತಿತ್ತು.

ಚಂದಾ ಕಟ್ಟುವ ಮಾತನ್ನು ತಂಗಿಗೂ ಹೇಳಿದ್ದೆ, ಆಕೆಯಾದರೂ ಬುದ್ಧಿ ಹೇಳಲಿ ಎಂದು. ಆಕೆ ನಿಧಾನವಾಗಿ, ನನಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ಅಕ್ಕ ಸಣ್ಣಾಕಿ ಇದ್ದಾಗಿಂದ್ಲೂ ಹಂಗೇ ರಿ. ಬಿಡ್ರಿ. ಮಾಡ್ಲಿ."

ತೊಗರಿ ಹೂ ಬಿಡುವ ಕಾಲ. ಒಂದು ಸಂಜೆ ಕರೆ ಬಂತು. ಹೊಲದಿಂದ ಬರುತ್ತ ಮಗ ಹೂವಿನ ಒಂದು ಟೊಂಗೆ ಮುರಿದು ತಂದು ಆಕೆಯ ದಿಂಬಿನ ಬಳಿ ಇಟ್ಟಿದ್ದನಂತೆ. "ತೊಗರಿ ಹೂ ಬಿಟ್ಟದ ಅಂತ ಹೇಳ್ರಿ ಅಕ್ಕಗ. ಹಳದಿ ಆಗ್ಯದ ಅಂತ ಹೊಲ ಎಲ್ಲಾ" ಎಂದಳು. ನಾನು ಕೂಗಿ ಹೇಳಿದೆ. ಅಕ್ಕ ತಲೆಯಾಡಿಸಿ, "ಈ ಸಲ ಚಲೋ ಬರ್ತದ ಅನ್ನು" ಎಂದರು. ನಾನು ಫೋನಿಗೆ ಅಂದೆ. ಅಷ್ಟಕ್ಕೆ ಮುಗಿಯಿತು.

ಮರುದಿನ ಮಗನ ಫೋನು ಬಂದದ್ದು ಬೆಳಿಗ್ಗೆ. ಸಂಜೆ ಬರಬೇಕಾದದ್ದು ಬೆಳಿಗ್ಗೆ ಬಂದಿದ್ದರಿಂದ ನಾನು ಎತ್ತುವ ಮೊದಲೇ ಅಕ್ಕನಿಗೆ ತಿಳಿದುಹೋಗಿತ್ತು. ನನ್ನ ಬಾಯಿ ನೋಡುತ್ತ ನಿಂತಿದ್ದವರು, ನಾನು ಫೋನು ಕೆಳಗಿಟ್ಟಾಗ, ಬಸ್ಸಿಗೆ ಹೊರಡಲು ಸೀರೆ ಬದಲಿಸಲು ಒಳಗೆ ಹೋದರು.

ತಾಂಡೂರಿನಿಂದ ಮಣ್ಣು ಮುಗಿಸಿಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದರು. ಮೆಟ್ಟಿಲು ಹತ್ತಿ ಮೇಲೆ ಬಂದದ್ದು ಬಹಳ ಅಪರೂಪ. ಮಂಚದ ಅಂಚಿಗೆ ಕೂತು ಕೇಳಿದರು.

"ಹ್ಯಾಂಗ ಅಂದ್ಳು ಟೀಚರ್?"

"ತೊಗರಿ ಹೂ ಬಿಟ್ಟದ ಅಂದ್ರು ಅಕ್ಕಾ. ಹೊಲ ಎಲ್ಲಾ ಹಳದಿ..."

"ಅದು ಗೊತ್ತದ. ಮಾತು ಕೇಳವಲ್ಲೆ ನಾ. ದನಿ ಹ್ಯಾಂಗಿತ್ತು?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆಕೆ ದಣಿದಿದ್ದಳೇ? ನಗುತ್ತಿದ್ದಳೇ? ನಾನು ಪದಗಳನ್ನು ಹಿಡಿಯುವ ಆತುರದಲ್ಲಿದ್ದೆ. ದನಿ ನನ್ನ ಕೈಗೆ ಸಿಕ್ಕಿರಲಿಲ್ಲ. ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ?

"ಚಲೋ ಇತ್ರಿ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು. "ರೊಕ್ಕ ಕಟ್ಟಿದ್ರ ಕೇಳ್ತಿತ್ತು" ಎಂದರು. ನನ್ನನ್ನು ಕೇಳಿದ್ದಲ್ಲ ಅದು. ಉತ್ತರ ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಆ ಚಳಿಗಾಲ ಪೂರ್ತಿ ಅವರು ಪೇಪರ್ ತರಲು ಹೋಗಲಿಲ್ಲ.

ಕೇಸು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ವಾದದ ತಾರೀಕು ಬಂದಾಗ ಬೆಳಿಗ್ಗೆಯೇ ಸಿದ್ಧರಾಗಿ ಅಂಗಳದಲ್ಲಿ ನಿಂತಿದ್ದರು. ನಾನು ರಜೆ ಹಾಕಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾವು ಹೇಳಬೇಕಾದ್ದನ್ನು ಅಭ್ಯಾಸ ಮಾಡಿದರು, ಮೆಲ್ಲಗೆ ಹೇಳಿಕೊಳ್ಳುತ್ತಿದ್ದೇನೆ ಎಂಬ ನಂಬಿಕೆಯಲ್ಲಿ. ಸಂಗಾರೆಡ್ಡಿ ತಲುಪುವ ಹೊತ್ತಿಗೆ ಇಡೀ ಬಸ್ಸಿಗೆ ಅವರ ಕೇಸು ತಿಳಿದಿತ್ತು. ಇಳಿಯುವಾಗ ಕಂಡಕ್ಟರು ಕೈಯೆತ್ತಿ, "ಗೆದ್ದು ಬರ್ರಿ ಅಮ್ಮಾ" ಎಂದ. "ಏನಂದ್ರಿ?" ಎಂದರು ಇವರು.

ಆಯೋಗದಲ್ಲಿ ಮಾತೆಲ್ಲ ತೆಲುಗಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ. ಅಧ್ಯಕ್ಷರು ಏನೋ ಕೇಳಿದರು. ಅಕ್ಕ ಬೇರೇನೋ ಉತ್ತರ ಕೊಟ್ಟರು. ಹಿಂದೆ ಕೂತವರು ನಕ್ಕರು. ಅಕ್ಕ ತಿರುಗಿ ನಗುವವರ ಮುಖ ನೋಡಿ, ತಾವು ಹೇಳಿದ್ದು ತಪ್ಪೆಂದು ತಿಳಿದು, ಸೆರಗಿನ ಅಂಚು ಹಿಡಿದು ನಿಂತರು. ಅವರನ್ನು ಅಷ್ಟು ಚಿಕ್ಕವರಾಗಿ ನಾನು ಎಂದೂ ನೋಡಿರಲಿಲ್ಲ. ಅಧ್ಯಕ್ಷರು ನಗುವವರನ್ನು ಗದರಿಸಿ, ಅಲ್ಲಿಂದ ಮುಂದೆ ಪ್ರತಿಯೊಂದು ಪ್ರಶ್ನೆಯನ್ನೂ ಕಾಗದದಲ್ಲಿ ಬರೆದು ಕಳಿಸಿದರು.

ಕಂಪನಿಯ ವಕೀಲರು ಹೊಸ ನಿಯಮಗಳನ್ನು ಇವರು ಒಪ್ಪಿ ಗುಂಡಿ ಒತ್ತಿದ್ದನ್ನು ಎತ್ತಿ ತೋರಿಸಿದರು. ಅದೂ ಕಾಗದದಲ್ಲಿ ಬಂತು. ಓದಿದ ಅಕ್ಕ, ಬಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡದ್ದನ್ನೇ ತೆಲುಗಿನಲ್ಲಿ ಹೇಳಿದರು. ಒತ್ತದಿದ್ದರೆ ಕಿವಿ ಬಂದ್, ಒತ್ತಿದರೆ ಒಪ್ಪಿಗೆ. "ಒಲ್ಲೆ ಅನ್ನೋ ಗುಂಡಿ ಎಲ್ಲಿತ್ರಿ?"

ಆಮೇಲೆ ಇನ್ನೊಂದು ಕಾಗದ ಬಂತು. ಇದರಿಂದ ನಿಮಗಾದ ನಷ್ಟವೇನು ಎಂದಿತ್ತು ಅದರಲ್ಲಿ.

ಅಕ್ಕ ಅದನ್ನು ಓದಿದರು. ಮತ್ತೆ ಓದಿದರು. ನನಗೆ ಎದ್ದು ನಿಂತು ಎಲ್ಲ ಹೇಳಿಬಿಡಬೇಕು ಅನ್ನಿಸಿತು, ತಾಂಡೂರು, ಮಂಚ, ತೊಗರಿ ಹೂ. ಪಕ್ಕದಲ್ಲಿದ್ದ ನನ್ನ ಮಣಿಕಟ್ಟನ್ನು ಅವರು ಗಟ್ಟಿಯಾಗಿ ಹಿಡಿದರು.

"ಫೋನಿನಾಗ ಮಾತಾಡಾಕ ಆಗ್ಲಿಲ್ರಿ" ಎಂದರು, ಈ ಸಲ ಕನ್ನಡದಲ್ಲೇ. "ಅಷ್ಟೇ."

ತೀರ್ಪು ಅವರ ಕಡೆಗೆ ಬಂತು. ಕೊಂಡಾಗ ಏನೇನು ಇತ್ತೋ ಅದೆಲ್ಲವನ್ನೂ ಚಂದಾ ಇಲ್ಲದೆ, ಆ ಮಿಷಿನು 'ಬಾಳುವವರೆಗೆ', ಕೊಡತಕ್ಕದ್ದು ಎಂದು. ಕಂಪನಿ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಒಂದು ದಿನ ಆ್ಯಪು ಮತ್ತೆ ಹೊಸದಾಯಿತು, ಬೀಗಗಳು ಹೋದವು. ಯಾರೂ ಬಂದು ಹೇಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ.

ಅಂದು ಭಾನುವಾರ, ನಾನು ಮನೆಯಲ್ಲೇ ಇದ್ದೆ. ಅಕ್ಕ ಮಿಷಿನನ್ನು ಕಿವಿಗಿಟ್ಟುಕೊಂಡು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು. ಮುಖದಲ್ಲಿ ಗೆದ್ದವರ ಖುಷಿ ಏನೂ ಇರಲಿಲ್ಲ. ಫೋನು ತೆಗೆದು ತಂಗಿಯ ನಂಬರನ್ನೇ ಒತ್ತಿದರು. ಈಗ ಆ ಫೋನು ಮಗನ ಬಳಿಯಿತ್ತು. ಅವನೇನೋ ಗಾಬರಿಯಿಂದ ಕೇಳಿರಬೇಕು.

"ಏನಿಲ್ಲಪ್ಪ" ಎಂದರು ಅಕ್ಕ. "ಸುಮ್ಮ ಮಾಡಿದ್ದೆ. ಲೈನ್ ನೋಡಾಕ."

ಆಮೇಲೆ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಪೇಪರ್ ತರಲು ಸುರು ಮಾಡಿದರು. ಸುದ್ದಿ ಹೇಗೋ ಹಬ್ಬಿ ಕೆಲವರು ಅವರನ್ನು ಹುಡುಕಿಕೊಂಡು ಬಂದರು. ದೌಲತಾಬಾದಿನ ಕಡೆಯ ರೈತನೊಬ್ಬ ಕಂತು ಕಟ್ಟಲು ಒಂದು ದಿನ ತಡವಾಗಿದ್ದಕ್ಕೆ ಕಂಪನಿಯವರು ದೂರದಿಂದಲೇ ಬಂದ್ ಮಾಡಿದ ಫೋನು ಹಿಡಿದು ಬಂದಿದ್ದ. ಬಂದವರನ್ನು ಪರ್ಶಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಪರಿಹಾರ ಸಿಗಲಿಲ್ಲ. ಕೆಲವರ ಜೊತೆ ಸಂಗಾರೆಡ್ಡಿಗೂ ಹೋಗಿ ಬರಿಗೈಯಲ್ಲಿ ಬಂದರು. ಸಂಜೆಯಾದರೆ ಮಾತ್ರ ಯಾರಿದ್ದರೂ ಎದ್ದು ಒಳಗೆ ಹೋಗುತ್ತಿದ್ದರು. ದೀಪ ಹಚ್ಚಿ, ಫೋನಿಡುವ ಗೂಡಿನ ಬಳಿ ನಿಲ್ಲುತ್ತಿದ್ದರು. ನಾನು ಒಂದೆರಡು ಬಾರಿ ಮೇಲಿನಿಂದಲೇ ಅವರ ನಂಬರಿಗೆ ಫೋನು ಮಾಡಿದೆ. "ಮ್ಯಾಲಿಂದ್ಯಾಕ ಮಾಡ್ತಿ? ಕೆಳಗ ಬಾ" ಎಂದರು. ಹೋದೆ. ಆಮೇಲೆ ದಿನಾ ಹೋದೆ. ಮಾತಿಗಿಂತ ಸುಮ್ಮನೆ ಕೂತದ್ದೇ ಹೆಚ್ಚು. ಆದರೆ ಆ ಊರಿನಲ್ಲಿ ಯಾರಾದರೂ ನನ್ನ ಬರವಿನ ಸದ್ದಿಗೆ ಕಾದಿರುತ್ತಾರೆ ಎಂಬುದು ನನ್ನನ್ನು ಆ ವರ್ಷಗಳಲ್ಲಿ ಬದುಕಿಸಿತು. ಈ ಮಾತನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ, "ಏನಂದಿ?" ಎಂದು ಬೇಕೆಂದೇ ಮತ್ತೊಮ್ಮೆ ಕೇಳುತ್ತಿದ್ದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅವರು ಹೋದರು. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಮಿಷಿನು ಹಾಕಿಕೊಂಡು, ಪೇಪರಿಗೆ ಹೊರಡುವ ಮುನ್ನ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಹಾಗೆಯೇ ಕೂತಿದ್ದರು. ತಾಂಡೂರಿನಿಂದ ತಂಗಿಯ ಮಗ ಬಂದ. ಊರಿನ ಕಡೆಯ ಹೆಂಗಸರು ಬಂದರು. ಮೈ ತೊಳೆಯಲು ನೀರು ಕಾಯಿಸುತ್ತಿದ್ದಾಗ ಅವರಲ್ಲೊಬ್ಬ ಮುದುಕಿ, "ಕಿವ್ಯಾಗಿನ್ವು ತೆಗೀರಿ" ಎಂದಳು.

ನಾನೇ ತೆಗೆದೆ. ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದೆ. ಒಳಗಿನಿಂದ ಕುಂಯ್ ಎಂದು ಸಣ್ಣ ಸಿಳ್ಳಿನಂಥ ಸದ್ದು ಬಂತು. ಹೆಂಗಸರು ಬೆಚ್ಚಿ ಹಿಂದೆ ಸರಿದರು. ಮಿಷಿನಿಗೆ ತನ್ನದೇ ಸದ್ದು ತಿರುಗಿ ಬಡಿದರೆ ಹಾಗೆ ಕೂಗುತ್ತದೆ ಎಂದು ಆಮೇಲೆ ತಿಳಿಯಿತು. ಆಗ ನನಗೆ ಹೊಳೆದದ್ದು ಒಂದೇ: ಅವು ಇನ್ನೂ ಕೇಳುತ್ತಿವೆ.

ಮುಷ್ಟಿ ಬಿಚ್ಚಿದೆ. ಸದ್ದು ನಿಂತಿತು. ಅವನ್ನು ಇಡುವ ಡಬ್ಬಿ ಒಳಕೋಣೆಯಲ್ಲಿತ್ತು. ಅಂಗೈ ತೆರೆದೇ ಹಿಡಿದುಕೊಂಡು ಅಲ್ಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕೈಯನ್ನು ಬಾಯಿಯ ಹತ್ತಿರ ತಂದುಕೊಂಡೆ.

"ಎಲ್ಲಾರೂ ಬಂದಾರ್ರಿ ಅಕ್ಕಾ" ಎಂದೆ. "ತಾಂಡೂರಿಂದ ಮಗ ಬಂದಾನ. ಊರ ಕಡಿಯೋರು ಬಂದಾರ. ದೌಲತಾಬಾದಿನಾಂವ ಬಂದು ಹೊರಗ ನಿಂತಾನ. ಕಾಯಿಪಲ್ಲೆದಾಕಿ ಅಳಾಕತ್ತಾಳ. ಓಣಿಯೋರೆಲ್ಲಾ ಬಂದಾರ್ರಿ, ಭಾಳ ಮಾತಾಡ್ಲಿಕತ್ತಾರ."

ಇನ್ನು ಹೇಳುವುದೇನೂ ಉಳಿದಿಲ್ಲ ಅನ್ನಿಸಿದ ಮೇಲೆ ಅವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಹೊರಗೆ ನೀರು ಕಾದಿದೆ ಎಂದು ಯಾರೋ ಕರೆದರು. ಹೋದೆ.